ಸರ್ ಇಲ್ವಾ?

ಜೂನ್ 3, ಮಂಗಳವಾರ

ಶಟರ್ ಎತ್ತಿ ಹತ್ತು ನಿಮಿಷವೂ ಆಗಿರಲಿಲ್ಲ. ಕಂಪ್ಯೂಟರ್ ಕ್ಯಾಬಿನೆಟ್ ಒಳಗೆ ಅರ್ಧ ತಲೆ ತೂರಿಸಿ ಫ್ಯಾನ್ ಬಿಗಿಯುತ್ತಿದ್ದೆ. ಮೊದಲ ಗಿರಾಕಿ. ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದ, ನನ್ನನ್ನು ನೋಡಿದ, ಆಮೇಲೆ ಗೋಡೆ ನೋಡಿದ. "ಸರ್ ಇಲ್ವಾ?"

ಇವತ್ತಿನ ಬೋಣಿ ಅದೇ.

ಸರ್ ಅಂದರೆ ನನ್ನ ಗಂಡ, ಇಲ್ಲವೇ ಮೈದುನ. ಇವರಿಗೆ ಬಿಲ್ ಬರೆಯುವುದು ಗೊತ್ತು. ಮೈದುನನಿಗೆ ಕ್ಯಾಮೆರಾ ಮುಂದೆ ನಗುವುದು ಗೊತ್ತು. ಗೇಮ್ ಆಡುವ ಮಷೀನಿನಲ್ಲಿ ಯಾವುದನ್ನು ಬದಲಿಸಬೇಕು, ಯಾವುದಕ್ಕೆ ಕೈ ಹಚ್ಚಬಾರದು ಎಂದು ಹನ್ನೊಂದು ವರ್ಷದಿಂದ ಹೇಳುತ್ತಿರುವವಳು ನಾನು.

ಅಂಗಡಿಯ ಚಾನೆಲ್‌ಗೆ ವಾರಕ್ಕೊಂದು ಸಲಹೆಯ ವಿಡಿಯೋ. ಬರೆಯುವುದು ನಾನು, ಹೇಳುವುದು ಮೈದುನ. ಶುರುವಿನಲ್ಲಿ ನಾನೇ ಕೂರುತ್ತೇನೆ ಎಂದಿದ್ದೆ. "ಗೇಮ್ ವಿಷಯ ಹೆಂಗಸರು ಹೇಳಿದ್ರೆ ಯಾರು ಕೇಳ್ತಾರೆ? ನೀನು ಬರೆದುಕೊಡು, ಸಾಕು" ಎಂದರು ಇವರು. ಬರೆದುಕೊಟ್ಟೆ. 'ನಾನು ಹೇಳ್ತೀನಿ ಕೇಳಿ' ಎಂದು ಬರೆದರೆ ಒಂದಕ್ಷರ ತಿದ್ದದೆ ಅವನ ಬಾಯಿಗೆ ಕೂರುತ್ತದೆ. ನಮ್ಮ ಭಾಷೆಯ 'ನಾನು' ಹೆಣ್ಣೂ ಅಲ್ಲ, ಗಂಡೂ ಅಲ್ಲ. ಎಷ್ಟು ಅನುಕೂಲ ಅವರಿಗೆ.

ಜೂನ್ 5, ಗುರುವಾರ

ಎದುರು ಸಾಲಿನ ಟೈಲರ್ ಅಕ್ಕ ಬಂದಿದ್ದರು. ಐವತ್ತು ದಾಟಿದೆ. ಕೆಲಸ ಮುಗಿಸಿ ಕಾರ್ ರೇಸ್ ಆಡುತ್ತಾರೆ. "ಮೂವತ್ತು ವರ್ಷ ಪೆಡಲ್ ತುಳಿದಿದೀನಿ, ಕಾರ್ ತುಳಿಯೋಕೆ ಬರಲ್ವಾ?" ಸರ್ ಇಲ್ವಾ ಎಂದು ಇವತ್ತಿಗೂ ಕೇಳದವರು ಇವರೊಬ್ಬರೇ.

"ತಿರುವಿನಲ್ಲಿ ಆಟ ತಡವರಿಸತ್ತೆ ಕಣ್ರೀ. ರ‍್ಯಾಮ್ ಜಾಸ್ತಿ ಮಾಡ್ಲಾ?"

"ರ‍್ಯಾಮ್ ಅಂದ್ರೆ ನೀವು ಬಟ್ಟೆ ಕತ್ತರಿಸೋ ಮೇಜು, ಅಕ್ಕ. ಗ್ರಾಫಿಕ್ಸ್ ಕಾರ್ಡ್ ಅಂದ್ರೆ ಹೊಲಿಗೆ ಮಷೀನು. ಮೇಜು ಎಷ್ಟು ದೊಡ್ಡದಾದ್ರೇನು, ಮಷೀನ್ ಕುಂಟ್ತಾ ಇದ್ರೆ ಹೊಲಿಗೆ ಓಡತ್ತಾ?"

ಬಿದ್ದು ಬಿದ್ದು ನಕ್ಕರು. "ಹಿಂಗೆ ಹೇಳಿ, ತಲೆಗೆ ಹೋಗತ್ತೆ."

"ಇನ್ನೊಂದು ಮಾತಿದೆ ಅಕ್ಕ" ಎಂದೆ. ಅಷ್ಟರಲ್ಲಿ ಅವರ ಅಂಗಡಿ ಮುಂದೆ ಸ್ಕೂಲ್ ಯೂನಿಫಾರ್ಮ್ ಹೊಲಿಸಲು ಬಂದವರು ಕೂಗಿದರು. ಅಕ್ಕ ಓಡಿದರು. ಇರಲಿ. ಈ ವಾರದ ಸ್ಕ್ರಿಪ್ಟ್‌ಗೆ ಹಾಕುತ್ತೇನೆ, ವಿಡಿಯೋ ತಪ್ಪದೆ ನೋಡುತ್ತಾರೆ.

ಜೂನ್ 9, ಸೋಮವಾರ

ಸ್ಕ್ರಿಪ್ಟ್ ಆಯಿತು. ಮೇಜು, ಮಷೀನು ಎಲ್ಲ ಇದೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಆ ಇನ್ನೊಂದು ಮಾತು: 'ಹೊಸ ಕಾರ್ಡ್ ಕೂರಿಸುವ ಮೊದಲು ಪವರ್ ಸಪ್ಲೈ ನೋಡಿ. ಹಳೆಯದೋ, ಅಗ್ಗದ್ದೋ ಆಗಿದ್ದರೆ ಮೊದಲು ಅದನ್ನು ಬದಲಿಸಿ. ಇಲ್ಲದಿದ್ದರೆ ಮದರ್‌ಬೋರ್ಡ್ ಸುಟ್ಟೀತು.'

ಜೂನ್ 11, ಬುಧವಾರ. ಮಧ್ಯಾಹ್ನ 3

ಬೆಳಿಗ್ಗೆ ಅಂಗಡಿ ತುಂಬ ಜನ. ಪ್ರೊಸೆಸರ್‌ಗೆ ಬಿಸಿ ತಗ್ಗಿಸುವ ಪೇಸ್ಟ್ ಹಚ್ಚುತ್ತಿದ್ದೆ. ಮೈದುನ ಎಲ್ಲರಿಗೂ ಕೇಳುವ ಹಾಗೆ, "ಅತ್ತಿಗೆ, ಬಟಾಣಿ ಕಾಳಿನಷ್ಟು ಸಾಕು, ಜಾಸ್ತಿ ಹಾಕ್ಬೇಡಿ." ಬಟಾಣಿ ಕಾಳು ಎಂದು ಅವನಿಗೆ ಹೇಳಿಕೊಟ್ಟವಳೇ ನಾನು! ಗಿರಾಕಿಗಳು ತಲೆದೂಗಿದರು. ಕಲಿಸಿದವಳಿಗೇ ಪಾಠ. ಮೈಯೆಲ್ಲ ಉರಿದುಹೋಯಿತು.

ಈಗ ವಿಡಿಯೋ ತೋರಿಸಿದ, ಅಪ್‌ಲೋಡ್ ಮಾಡುವ ಮೊದಲು. "ಹೆಂಗಿದೆ ಅತ್ತಿಗೆ?" ಪವರ್ ಸಪ್ಲೈ ಸಾಲು ಇಲ್ಲ. ಹಾರಿಸಿದ್ದಾನೆ.

"ಚೆನ್ನಾಗಿದೆ" ಎಂದೆ.

ಹೇಳಬಹುದಿತ್ತು. ಹೇಳಿದ್ದರೆ, ಜನಕ್ಕೆ ಇಷ್ಟೆಲ್ಲ ಡೀಟೇಲ್ ಬೇಡ ಅತ್ತಿಗೆ ಎನ್ನುತ್ತಿದ್ದ... ಅಲ್ಲ. ಇಲ್ಲಿಯೂ ಸುಳ್ಳು ಯಾಕೆ? ಒಂದು ಸಲ ಎಡವಲಿ ಎನ್ನಿಸಿತು. ಅದಕ್ಕೇ ಹೇಳಲಿಲ್ಲ.

ಜೂನ್ 12, ಗುರುವಾರ

ಕಮೆಂಟ್‌ಗಳು. 'ಸರ್ ಸೂಪರ್.' 'ಸರ್, ಕತ್ತರಿಸೋ ಮೇಜಿನ ಎಕ್ಸಾಂಪಲ್ ಬೆಂಕಿ.' ಬೆಂಕಿಯಂತೆ.

ನಾಳೆ ಅತ್ತೆಯ ಕಣ್ಣಿನ ಆಪರೇಷನ್. ಜೊತೆಗಿರಲು ನಾನೇ ಬೇಕು. ಅಲ್ಲಿ ಯಾರೂ ಸರ್ ಇಲ್ವಾ ಎಂದು ಕೇಳುವುದಿಲ್ಲ.

ಜೂನ್ 24, ಮಂಗಳವಾರ

ಇವತ್ತು ಅಂಗಡಿಗೆ ಬಂದೆ. ಟೈಲರ್ ಅಕ್ಕ ಕ್ಯಾಬಿನೆಟ್ ಹೊತ್ತುಕೊಂಡು ಬಂದರು. ಮುಚ್ಚಳ ತೆಗೆಯುವ ಮೊದಲೇ ಮೂಗಿಗೆ ಗೊತ್ತಾಯಿತು. ಕಂಪನಿ ಹೆಸರೂ ಇಲ್ಲದ ಹಳೆಯ ಪವರ್ ಸಪ್ಲೈ. ಬೋರ್ಡ್ ಕಪ್ಪಾಗಿದೆ. ನಾನಿಲ್ಲದಾಗ ನಮ್ಮಲ್ಲೇ ಕಾರ್ಡ್ ಕೊಂಡಿದ್ದಾರೆ. ಮೈದುನ ಮಾರಿದ್ದಾನೆ.

"ಬೈಯೋಕೆ ಬಂದಿಲ್ಲ ಕಣ್ರೀ" ಎಂದರು. "ಮೇಜು, ಮಷೀನು ಅಂದ ತಕ್ಷಣ ಇದು ನಿಮ್ಮ ಮಾತೇ ಅಂತ ಗುರುತು ಸಿಕ್ತು. ಅದಕ್ಕೇ ಕಣ್ಣು ಮುಚ್ಚಿ ನಂಬ್ದೆ. ಅವತ್ತು ಇನ್ನೊಂದು ಮಾತಿದೆ ಅಂದಿದ್ರಲ್ಲ, ಅದೂ ಬರತ್ತೇನೋ ಅಂತ ಕೊನೇವರೆಗೂ ನೋಡ್ದೆ. ಬರಲಿಲ್ಲ. ಅಷ್ಟೇನು ಮುಖ್ಯ ಅಲ್ವೇನೋ ಅನ್ಕೊಂಡೆ."

ನೂರು ವಿಡಿಯೋದಲ್ಲಿ ನನ್ನ ದನಿ ಗುರುತಿಸಿದ್ದು ಒಂದೇ ಜೀವ. ಸುಟ್ಟದ್ದು ಅವರದೇ.

ಮೈದುನ ಹಿಂದಿನಿಂದ, ಜೋರಾಗಿ: "ಸ್ಕ್ರಿಪ್ಟ್ ನಮ್ಮ ಅತ್ತಿಗೇದು. ನಾನು ಓದಿದ್ದು ಅಷ್ಟೇ."

ಕೊನೆಗೂ ಹೇಳಿದ. ನಾಲ್ಕು ಜನರ ಮುಂದೆ.

ಜೂನ್ 25, ಬುಧವಾರ

ಇನ್ನೂ ಇಬ್ಬರ ಬೋರ್ಡ್ ಹೋಗಿದೆಯಂತೆ, ಕಮೆಂಟ್‌ನಲ್ಲಿ ಬೈಗುಳ. ನನ್ನ ಗಂಡ, "ತಪ್ಪಾಯ್ತು ಅಂತ ಒಂದು ವಿಡಿಯೋ ಹಾಕೋಣ. ನೀನೇ ಕೂತ್ಕೋ."

"ಹೆಂಗಸರು ಹೇಳಿದ್ರೆ ಯಾರು ಕೇಳ್ತಾರೆ ಅಂದಿದ್ರಿ?"

"ಸಲಹೆ ಬೇರೆ, ಕ್ಷಮೆ ಬೇರೆ. ಹೆಂಗಸರು ಕೇಳಿದ್ರೆ ಜನ ಬೇಗ ಕರಗ್ತಾರೆ."

ದಪ್ಪ ಅಕ್ಷರದ ಹಾಳೆ ಡ್ರಾಯರ್‌ನಲ್ಲಿದೆ. ಕ್ಯಾಮೆರಾಕ್ಕೆ ಹಿಡಿದರೆ ಸಾಕು, ಮೈದುನನ ಬಣ್ಣ ಬಯಲು. ಆದರೆ ಕಂಡೂ 'ಚೆನ್ನಾಗಿದೆ' ಎಂದೆನಲ್ಲ? ಅದು ಯಾವ ಹಾಳೆಯಲ್ಲೂ ಇಲ್ಲ. ಅವನಿಗೆ ಅದು ನೆನಪೂ ಇಲ್ಲ. ನಾನು ಬಾಯಿಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ನನ್ನ ಸ್ವಂತ ಮಷೀನಿನ ಬೋರ್ಡ್, ಪವರ್ ಸಪ್ಲೈ ಎರಡನ್ನೂ ಬಿಚ್ಚಿ ಟೈಲರ್ ಅಕ್ಕನದಕ್ಕೆ ಕೂರಿಸಿಕೊಟ್ಟೆ. "ಅಯ್ಯೋ, ನೀವ್ಯಾಕೆ? ನಿಮ್ಮದೇನು ತಪ್ಪು?" ಎಂದರು. ಮುಚ್ಚಳದ ಕೊನೆಯ ಸ್ಕ್ರೂ ಬಿಗಿದೆ.

ಜೂನ್ 26, ಗುರುವಾರ. ಬೆಳಿಗ್ಗೆ 10

ಮೈದುನ ಲೈಟ್ ಸರಿಮಾಡುತ್ತಿದ್ದಾನೆ. "ಹೆದರ್ಕೋಬೇಡಿ ಅತ್ತಿಗೆ, ನಿಧಾನಕ್ಕೆ ಮಾತಾಡಿ." ಟೈಲರ್ ಅಕ್ಕ ಬಾಗಿಲಲ್ಲಿ ಇಣುಕಿ ಹೋದರು. "ಇವತ್ತು ನೀವೇ ಬರ್ತೀರಂತೆ! ನೋಡ್ತೀನಿ ಕಣ್ರೀ, ಮಷೀನ್ ನಿಲ್ಲಿಸಿ ನೋಡ್ತೀನಿ." ಅವರ ಮುಖದಲ್ಲಿ ಎಷ್ಟು ಖುಷಿ.

ಅವನಿಗೆ ನೂರು ಬರೆದೆ, ಒಂದಕ್ಕೂ ಪೆನ್ನು ತಡೆಯಲಿಲ್ಲ. ನನಗೆ ನಾಲ್ಕು ಸಾಲು ಬರುತ್ತಿಲ್ಲ. ಮೂರು ಹಾಳೆ ಹರಿದೆ. ಇಲ್ಲೇ ಬರೆದು ನೋಡುತ್ತೇನೆ. ಲೈಟ್ ಆಯಿತು ಅತ್ತಿಗೆ ಎಂದು ಕೂಗುತ್ತಿದ್ದಾನೆ.

ನಮಸ್ಕಾರ. ಹೋದ ವಿಡಿಯೋದಲ್ಲಿ ಒಂದು ಸಾಲು ಇರಲಿಲ್ಲ. ಆ ಸಾಲನ್ನು ನಾನು