ಪೆಡಲ್ ಒತ್ತುವವರಿಲ್ಲದ ಚಳಿಗಾಲ

ಮನೆಯ ಹಿಂದಿನ ಶೆಡ್ಡಿನಿಂದ,
ಡಿಸೆಂಬರ್ ೭, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಮಣಿಕಟ್ಟಿನ ಬಾವು ಇಳಿಯಿತೇ? ಚಳಿಗೆ ಅದು ಇನ್ನಷ್ಟು ನೋಯುತ್ತದೆ, ಬಿಸಿನೀರಿನ ಶಾಖ ಬಿಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ನನ್ನ ಹಾಗೆ ಚಹಾದಲ್ಲೇ ದಿನ ನೂಕುತ್ತೀಯೋ? ನೀನು ಯಾವ ಊರಿನಲ್ಲಿದ್ದೀಯ ಎಂದು ಬೇಕರಿಯಲ್ಲಿರುವ ನಿನ್ನ ಅಕ್ಕ ಬಾಯಿ ಬಿಡುತ್ತಿಲ್ಲ. ಕಾಗದ ಕೊಟ್ಟರೆ ತಲುಪಿಸುತ್ತೇನೆ ಎಂದಳು, ಅಷ್ಟೇ. ಮೊದಲು ಸೊಸೆ ಎಂದು ಬರೆಯಲು ಹೊರಟಿದ್ದೆ. ನನ್ನ ಮಗನನ್ನು ಬಿಟ್ಟು ಹೋದವಳನ್ನು ಹಾಗೆ ಕರೆಯುವ ಹಕ್ಕು ಇನ್ನೂ ಉಳಿದಿದೆಯೋ ಇಲ್ಲವೋ ತಿಳಿಯದೆ ಮಗಳೇ ಎಂದು ಬರೆದೆ. ನನ್ನ ಮಂಡಿ ಎಂದಿನಂತೆ ಮುಷ್ಕರ ಹೂಡಿದೆ. ಮನೆಯಲ್ಲಿ ಮಾತು ಕಡಿಮೆ, ಬಾಗಿಲು ಬಡಿಯುವ ಸದ್ದೇ ಹೆಚ್ಚು.

ನಮ್ಮ ಮುದುಕಿ ಕಾರಿನ ಗತಿ ಕೇಳಬೇಡ. ಮೊದಲ ಹಿಮ ಬಿದ್ದ ವಾರ ನಿನ್ನ ಗಂಡ ಅದನ್ನು ಹೊರಗೆ ತೆಗೆದ. ಹಿಮ ಕರಗಲೆಂದು ರಸ್ತೆಗೆಲ್ಲ ಉಪ್ಪು ಸುರಿದಿದ್ದರು. ಆ ಉಪ್ಪುನೀರಿನಲ್ಲೇ ಸುತ್ತಾಡಿಸಿ, ಅಡಿಭಾಗ ತೊಳೆಯದೆ, ಒಣಗಿಸದೆ ತಂದು ನಿಲ್ಲಿಸಿದ. ಸಾಲದ್ದಕ್ಕೆ ಹ್ಯಾಂಡ್‌ಬ್ರೇಕ್ ಬೇರೆ ಬಿಗಿಯಾಗಿ ಎಳೆದಿಟ್ಟ. ಚಳಿಗಾಲಕ್ಕೆ ನಿಲ್ಲಿಸುವ ಕಾರಿಗೆ ಗಾಲಿಗಳ ಕೆಳಗೆ ಮರದ ತುಂಡು ಕೊಡಬೇಕೇ ಹೊರತು ಹ್ಯಾಂಡ್‌ಬ್ರೇಕ್ ಹಾಕಬಾರದೆಂದು ನಿನಗೆ ಹೇಳಿಕೊಡಬೇಕೇ? ಗಾಲಿಯೊಳಗಿನ ಬ್ರೇಕ್ ಶೂ ಡ್ರಮ್ಮಿಗೆ ಅಂಟಿ ತುಕ್ಕಿನಲ್ಲಿ ಒಂದಾಗಿಬಿಟ್ಟಿತ್ತು. ಹಿಂದಿನ ಎಡಗಾಲಿ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮರದ ಸುತ್ತಿಗೆಯಿಂದ ಡ್ರಮ್ಮಿನ ಸುತ್ತ ತಟ್ಟಿ ತಟ್ಟಿ ಕೊನೆಗೂ ಬಿಚ್ಚಿದೆ. ಒಳಗೆಲ್ಲ ಕೆಂಪು ಪುಡಿ. ಬಸ್ ಡಿಪೋದಲ್ಲಿ ಆಯುಷ್ಯವೆಲ್ಲ ಇಂಥದ್ದನ್ನೇ ನೋಡಿದವನು ನಾನು, ಆದರೂ ಅವತ್ತು ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ.

ಡ್ರಮ್ಮನ್ನು ಹೇಗೋ ಉಜ್ಜಿ ಸರಿಮಾಡಿದೆ. ಉಳಿದದ್ದು ಬ್ರೇಕ್ ಆಯಿಲ್. ಅದು ಸುಮ್ಮನಿದ್ದಲ್ಲೇ ಗಾಳಿಯ ತೇವ ಹೀರುತ್ತದೆ, ಹಳೆಯದನ್ನೇ ಬಿಟ್ಟರೆ ಸಿಲಿಂಡರುಗಳನ್ನು ಒಳಗಿನಿಂದ ತುಕ್ಕು ತಿನ್ನುತ್ತದೆ. ಹೊಸದು ತುಂಬಿಸಿ ಪೈಪಿನ ಗಾಳಿ ತೆಗೆಯಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಲಿಯ ಹತ್ತಿರ ಮಲಗಿ ಸ್ಕ್ರೂ ಸಡಿಲಿಸಬೇಕು. ಪ್ರತಿ ವರ್ಷ ನಾನು ಕೆಳಗಿನಿಂದ "ಒತ್ತು... ಹಿಡ್ಕೋ... ಈಗ ಬಿಡು" ಅನ್ನುತ್ತಿದ್ದೆ. ನೀನು ಮೇಲಿನಿಂದ "ಮಾವ, ಹಿಡ್ಕೊಂಡೇ ಇದೀನಿ, ನೀವು ಕೆಳಗೆ ನಿದ್ದೆ ಹೊಡೀಬೇಡಿ!" ಎಂದು ನಗುತ್ತಿದ್ದೆ. ನಾನು ಹೇಳುವ ತನಕ ನಿನ್ನ ಕಾಲು ಒಂದು ಕೂದಲೆಳೆಯಷ್ಟೂ ಮೇಲೇಳುತ್ತಿರಲಿಲ್ಲ. ಈ ಸಲ ಅವನನ್ನು ಕೂರಿಸಿದೆ. ಹೇಳುವ ಮೊದಲೇ ಪೆಡಲ್ ಬಿಟ್ಟ, ಹೊರಗಿನ ಗಾಳಿಯೆಲ್ಲ ಒಳಗೆ ಹೋಯಿತು. ಎರಡನೇ ಸಲಕ್ಕೆ ಎದ್ದೇ ಹೋದ. ಆಮೇಲೆ ಸೀಟಿಗೂ ಪೆಡಲಿಗೂ ನಡುವೆ ಹಲಗೆ ಕೊಟ್ಟು ಒಬ್ಬನೇ ಪಾಡುಪಟ್ಟೆ. ಹಲಗೆ ಜಾರಿತು, ಆಯಿಲ್ ಎಲ್ಲ ತೋಳಿನ ಮೇಲೆ ಸುರಿಯಿತು. ಈಗ ಪೆಡಲ್ ಒತ್ತಿದರೆ ಒದ್ದೆ ಸ್ಪಂಜು ತುಳಿದ ಹಾಗೆ ಕೆಳಗಿಳಿಯುತ್ತದೆ. ನನಗೆ ಸಾಕಾಗಿದೆ ಮಗಳೇ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವುದಕ್ಕೂ ಮನಸ್ಸು ಬರುವುದಿಲ್ಲ.

ನೀನು ಮನೆಗೆ ಬಾ. ಒಂದು ದಿನಕ್ಕಾದರೂ ಬಾ. ಅವನು ಈಗ ಮೊದಲಿನವನಲ್ಲ. ಇನ್ನು ಮುಂದೆ ಕೈ ಎತ್ತುವುದಿಲ್ಲವೆಂದು ನನ್ನ ಮೇಲೆ ಆಣೆ ಮಾಡಿದ್ದಾನೆ. ಗಂಡ ಹೆಂಡಿರ ನಡುವೆ ಇಷ್ಟೆಲ್ಲ ಇದ್ದದ್ದೇ, ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಬರುವ ದಿನ ಮೊದಲೇ ತಿಳಿಸಿದರೆ ಅವನೇ ನಿಲ್ದಾಣಕ್ಕೆ ಬರುತ್ತಾನೆ.

ನೀನು ಎಲ್ಲೇ ಇರು, ಬೆಚ್ಚಗಿರು, ಹೊಟ್ಟೆ ತುಂಬಾ ಉಣ್ಣು, ನೆಮ್ಮದಿಯಾಗಿ ನಿದ್ದೆ ಮಾಡು.

ಇಂತಿ,
ನಿನ್ನ ಮಾವ

ತಾ.ಕ.: ಅವನು ಸಿಗರೇಟು ತರಲು ಹೋಗಿದ್ದಾನೆ, ಬೇಗ ಬರೆದು ಲಕೋಟೆ ಅಂಟಿಸಿಬಿಡುತ್ತೇನೆ. ಮನೆಗೆ ಬಾ ಎಂದು ಬರೆದದ್ದೆಲ್ಲ ಅವನು ಎದುರಿಗೆ ಕೂತು ಬರೆಸಿದ್ದು. ಕಾರಿನ ಸಂಕಟ ಮಾತ್ರ ನನ್ನದು. ಬರಬೇಡ. ಅವನು ಒಂದಿಷ್ಟೂ ಬದಲಾಗಿಲ್ಲ, ಮೊನ್ನೆ ನನಗೂ ಹೊಡೆದ, ಎಡಗಣ್ಣು ಇನ್ನೂ ಪೂರ್ತಿ ತೆರೆಯುತ್ತಿಲ್ಲ. ನಾನು ಅತ್ತು ಕರೆದರೂ ಬರಬೇಡ, ಸತ್ತೆ ಎಂದು ಯಾರಾದರೂ ಹೇಳಿದರೂ ಬರಬೇಡ. ಈ ಕಾಗದಕ್ಕೆ ಉತ್ತರವನ್ನೂ ಬರೆಯಬೇಡ ಮಗಳೇ. ಮನೆಗೆ ಬರುವ ಅಂಚೆಯನ್ನೆಲ್ಲ ಮೊದಲು ಅವನೇ ತೆಗೆದು ನೋಡುತ್ತಾನೆ, ಲಕೋಟೆಯ ಅಂಚೆ ಮುದ್ರೆಯಲ್ಲಿ ನಿನ್ನ ಊರಿನ ಹೆಸರಿರುತ್ತದೆ.