ಎಚ್ಚರವಿರುವ ಬೆರಳು

ಏಳು ಸಾಲಿನ ಊರು, ತುಂಗಭದ್ರೆಯ ಎಡದಂಡೆ
೨೨೭೬ನೇ ಇಸವಿ, ಹದಿಮೂರನೇ ತಿಂಗಳು, ನಾಲ್ಕನೇ ದಿನ

ಹೆಸರು ಗೊತ್ತಿಲ್ಲದ ನಿಮಗೆ,

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಕೇಳುತ್ತೇನೆ. ನಾನು ಐದನೇ ಇಯತ್ತೆಯವರೆಗೆ ಮಾತ್ರ ಓದಿದವಳು. ಒತ್ತಕ್ಷರ ಬಂದಲ್ಲೆಲ್ಲ ಈಗಲೂ ಕೈ ತಡೆಯುತ್ತದೆ. ಬಲಗೈ ಆಗಾಗ ಜೋಮು ಹಿಡಿಯುವುದರಿಂದ ಸಾಲುಗಳು ಕೆಳಗೆ ಜಾರುತ್ತವೆ. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಪ್ರತಿ ತಿಂಗಳಿಗೂ ಇಪ್ಪತ್ತೆಂಟೇ ದಿನ, ಹಾಗಾಗಿ ವರ್ಷಕ್ಕೆ ಹದಿಮೂರು ತಿಂಗಳು. ನಿಮಗೆ ತಿಳಿಯದ ಮಾತು ಬಂದರೆ ಅಲ್ಲಲ್ಲೇ ಬಿಡಿಸಿ ಹೇಳಲು ನೋಡುತ್ತೇನೆ.

ನನ್ನ ಹೆಸರು ಗಾಳೆಮ್ಮ. ವಯಸ್ಸು ಇಪ್ಪತ್ತೆರಡು. ಈ ಊರಿನ ನೀರಗಂಟಿ. ಅಂದರೆ ಕೆರೆಯ ತೂಬು ತೆಗೆದು ಊರಿನ ಏಳು ಮನೆಸಾಲುಗಳಿಗೆ ಸರದಿಯಂತೆ ನೀರು ಬಿಡುವವಳು. ನಮ್ಮಲ್ಲಿ ಹಿಂದಿನ ಕಾಲದವರಿಗೆ ಬರೆಯುವ ಪತ್ರಕ್ಕೆ ಏರುಪತ್ರ ಎನ್ನುತ್ತಾರೆ. ಪ್ರತಿಯೊಬ್ಬ ನೀರಗಂಟಿಯೂ ಜೀವನದಲ್ಲಿ ಒಂದು ಬರೆದು ತೂಬಿನ ಮೇಲುಗಡೆಯ ಕಲ್ಲುಗೂಡಿನಲ್ಲಿ ಇಡಬೇಕು. ನೀರು ಇಳಿಯುತ್ತದೆ, ಪತ್ರ ಏರುತ್ತದೆ ಎಂದು ಹಿರಿಯರ ನಂಬಿಕೆ. ಏರಿದ್ದನ್ನು ಕಂಡವರಿಲ್ಲ. ಯಾರಿಗೆ ಬರೆಯಬೇಕೆಂದು ತಿಳಿಯದೆ ಎರಡು ವರ್ಷ ಸುಮ್ಮನಿದ್ದೆ. ಈಚೆಗೆ ದವಾಖಾನೆಯ ಕಪಾಟಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ನಿಮ್ಮ ಹಾಳೆ ಸಿಕ್ಕಿತು.

ಅದರ ಮೇಲೆ ೨೦೨೫ ಎಂದಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ರೋಗದ ಹೆಸರಿದೆ. ಕೆಳಗೆ ನಿಮ್ಮ ಕೈಬರಹ. ಹತ್ತು ಗಂಟೆ, ಮೀಟಿಂಗಿನಲ್ಲಿ ನಿದ್ದೆ. ಹನ್ನೆರಡೂವರೆ, ಊಟದ ಮುಂದೆ ಕೂತಲ್ಲೇ. ಮೂರು ಗಂಟೆ, ಬಸ್ಸಿನಲ್ಲಿ, ಸ್ಟಾಪು ದಾಟಿ ಹೋಯಿತು. ಎಲ್ಲದರ ಕೆಳಗೆ, ಯಾರಿಗೂ ಹೇಳಿಲ್ಲ. ಮೀಟಿಂಗ್ ಎಂದರೇನು ಎಂದು ನಮ್ಮ ನರ್ಸ್ ಜುಬೇದಕ್ಕನನ್ನು ಕೇಳಿದೆ. ಜನ ಸುತ್ತ ಕೂತು ಮಾತಾಡುವುದು, ಅಲ್ಲಿ ನಿದ್ದೆ ಬರದಿದ್ದರೇ ರೋಗ ಎಂದು ನಕ್ಕಳು. ನಾನು ನಗಲಿಲ್ಲ. ಕೊನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದೆ.

ನನಗೂ ಅದೇ ರೋಗ. ನಾವು ಅದನ್ನು ನರಸಿಪ್ಪೆ ಎನ್ನುತ್ತೇವೆ. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸುಲಿದುಹೋಗುತ್ತದೆ, ಸುಲಿದಲ್ಲಿ ಸುದ್ದಿ ತಡವಾಗಿ ಮುಟ್ಟುತ್ತದೆ, ಕೆಲವು ಸಲ ಮುಟ್ಟುವುದೇ ಇಲ್ಲ. ನಮ್ಮ ಕಾಲದ ಔಷಧಿ ಹೊಸದಾಗಿ ಸುಲಿಯುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಮೊದಲೇ ಸುಲಿದದ್ದನ್ನು ಹೊಲಿಯುವುದು ನಮಗೂ ಬಂದಿಲ್ಲ. ನಿಮಗೆ ಬೇಸರವಾಗಬಹುದು, ಆದರೆ ಸುಳ್ಳು ಬರೆದ ಏರುಪತ್ರ ಏರುವುದಿಲ್ಲವಂತೆ.

ನಮ್ಮ ಊರಿನಲ್ಲಿ ಹಗಲು ಮಲಗುವುದು ನಾಚಿಕೆಯ ವಿಷಯವಲ್ಲ. ಹನ್ನೊಂದು ಗಂಟೆಗೆ ಉರಿಗಂಟೆ ಬಾರಿಸುತ್ತಾರೆ. ಆಮೇಲೆ ಬೀದಿಯಲ್ಲಿ ಯಾರೂ ಇರಬಾರದು, ಕಲ್ಲು ಮುಟ್ಟಿದರೆ ಅಂಗೈ ಸುಡುವಷ್ಟು ಬಿಸಿಲು. ಪ್ರತಿ ಮನೆಯ ಕೆಳಗೂ ತಂಪುಗುಂಡಿ ಇದೆ. ಹತ್ತು ಮೆಟ್ಟಿಲು ಇಳಿದರೆ ಸಿಗುವ ಮಣ್ಣಿನ ಕೋಣೆ ಅದು. ಅಜ್ಜಿಯಿಂದ ಕೂಸಿನವರೆಗೆ ಎಲ್ಲರೂ ಅಲ್ಲಿ ಒದ್ದೆ ಚಾಪೆ ಹಾಸಿ ನಾಲ್ಕು ಗಂಟೆಯವರೆಗೆ ಮಲಗುತ್ತಾರೆ. ಎದ್ದ ಮೇಲೆ ಮುಖ ತೊಳೆದು, ಜೋಳದ ಅಂಬಲಿ ಕುಡಿದು, ಹೊಸ ಮನುಷ್ಯರಂತೆ ಕೆಲಸಕ್ಕೆ ಹೋಗುತ್ತಾರೆ. ನನಗೆ ತೊಂದರೆಯಾದದ್ದು ಇದರಿಂದಲೇ. ನಿದ್ದೆ ಎಂದರೆ ಏನೆಂದು ಇಲ್ಲಿ ಎಲ್ಲರಿಗೂ ಗೊತ್ತು. ನನ್ನ ನಿದ್ದೆ ಬೇರೆ ಎಂದು ಹೇಳಿದರೆ ಯಾರು ನಂಬುತ್ತಾರೆ? ಅದು ತೂಕಡಿಕೆಯಂತೆ ಮೆಲ್ಲಗೆ ಬರುವುದಿಲ್ಲ. ಮಾತಿನ ನಡುವೆ ಯಾರೋ ತಲೆಯ ಮೇಲೆ ಒದ್ದೆ ಕಂಬಳಿ ಹೊರಿಸಿದಂತೆ ಬರುತ್ತದೆ. ಬಿಸಿಲೇರಿದಷ್ಟೂ ಕಂಬಳಿ ಭಾರ. ಮಲಗಿ ಎದ್ದರೂ ದಣಿವು ಇದ್ದಲ್ಲೇ ಇರುತ್ತದೆ.

ಈಗ ನನ್ನ ಕೆಲಸದ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ ತಪ್ಪು ನಿಮಗೆ ತಿಳಿಯುವುದಿಲ್ಲ. ನೀರು ಅಳೆಯುವ ಯಂತ್ರಗಳು ಒಂದು ಕಾಲಕ್ಕೆ ಇದ್ದವಂತೆ. ಒಳಗೆ ಏನು ನಡೆಯುತ್ತದೆಂದು ಕಾಣದೆ ಜನ ಹೊಡೆದಾಡಿಕೊಂಡರಂತೆ. ಆದ್ದರಿಂದ ಊರು ಹಳೆಯ ಬಟ್ಟಲಿಗೆ ಮರಳಿತು. ಅದು ತಳದಲ್ಲಿ ಸಣ್ಣ ತೂತಿರುವ ಹಿತ್ತಾಳೆಯ ಬಟ್ಟಲು. ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟರೆ ಅರ್ಧ ಗಂಟೆಗೂ ಸ್ವಲ್ಪ ಮೊದಲೇ ತುಂಬಿ ಮುಳುಗುತ್ತದೆ. ಒಂದೊಂದು ಸಾಲಿಗೆ ಎರಡೆರಡು ಬಟ್ಟಲು ನೀರು, ಅಂದರೆ ಬಟ್ಟಲು ಎರಡು ಸಲ ಮುಳುಗುವಷ್ಟು ಹೊತ್ತು. ಬೆಳಗಿನ ಐದಕ್ಕೆ ಮೊದಲನೇ ಸಾಲಿನಿಂದ ಶುರುವಾದರೆ ಏಳನೇ ಸಾಲು ಮುಗಿಯುವಾಗ ಉರಿಗಂಟೆಗೆ ಸ್ವಲ್ಪವೇ ಸಮಯ ಉಳಿದಿರುತ್ತದೆ. ಗಂಟೆಯಾದೊಡನೆ ತೂಬು ಮುಚ್ಚಲೇಬೇಕು. ಎರಡು ಕಟ್ಟುನಿಟ್ಟಿನ ನಿಯಮಗಳಿವೆ. ನೀರಗಂಟಿಯ ಹೊರತು ಬಟ್ಟಲನ್ನು ಯಾರೂ ಮುಟ್ಟಬಾರದು. ನೀರು ಹರಿಯುವಾಗ ನೀರಗಂಟಿಯ ಜೊತೆ ಯಾರೂ ಮಾತಾಡಬಾರದು. ಮಾತಿನಿಂದ ಮನಸ್ಸು ಒಂದು ಸಾಲಿನ ಕಡೆ ವಾಲಬಾರದೆಂದು.

ಮಾತಾಡಬೇಕಿಲ್ಲದ ಕೆಲಸವೆಂದೇ ಅದು ನನಗೆ ಇಷ್ಟ. ಜನರ ಮುಂದೆ ನನ್ನ ನಾಲಿಗೆ ಏಳುವುದಿಲ್ಲ. ಕಟ್ಟೆಯ ಮೇಲೆ ಬಟ್ಟಲಿನ ಪಕ್ಕ ಕೂತಾಗ ಮಾತ್ರ ನಾನೂ ಊರಿಗೆ ಬೇಕಾದವಳು ಎನಿಸುತ್ತದೆ. ನನಗೆ ಕೆಲಸ ಕಲಿಸಿದವನು ಹಳೆಯ ನೀರಗಂಟಿ ಲಾಳೇಸಾಬ. ಅವನ ಕಣ್ಣು ಮಂಜಾದ ಮೇಲೆ ಬಟ್ಟಲನ್ನು ನನ್ನ ಕೈಗೆ ಕೊಟ್ಟ. ಹೋದ ವರ್ಷ ನಾಲ್ಕನೇ ಸಾಲಿನ ಸರದಿಯಲ್ಲಿ, ಬಿಸಿಲು ಕಟ್ಟೆಗೆ ತಾಕುವ ಹೊತ್ತಿಗೆ, ನಿದ್ದೆ ಬರತೊಡಗಿತು. ಹೇಳಿದರೆ ಬಟ್ಟಲು ಹೋಗುತ್ತದೆ. ಅದಕ್ಕೆ ಒಂದು ಉಪಾಯ ಮಾಡಿದೆ. ಬಟ್ಟಲಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಎಡಗಾಲಿನ ಹೆಬ್ಬೆರಳಿಗೆ ಸುತ್ತಿ, ಸೆರಗಿನಿಂದ ಮುಚ್ಚಿದೆ. ಬಟ್ಟಲು ಮುಳುಗಿದಾಗ ದಾರ ಎಳೆಯಬೇಕು, ನಾನು ಏಳಬೇಕು. ಕೆಲವು ತಿಂಗಳು ಅದು ನಡೆಯಿತು. ಆಮೇಲೆ ಎಡಗಾಲಿಗೆ ಸ್ಪರ್ಶ ತಿಳಿಯುವುದೇ ನಿಂತಿತು. ಅದು ನಿಂತದ್ದು ನನಗೆ ತಿಳಿಯಲಿಲ್ಲ. ನನ್ನ ಕಾಲು ನನಗಿಂತ ಮೊದಲೇ ಮಲಗಿತ್ತು. ದಾರ ಎಳೆಯುತ್ತಿತ್ತು, ನಾನು ಮಲಗಿಯೇ ಇರುತ್ತಿದ್ದೆ.

ನಾಲ್ಕನೇ ಸಾಲಿಗೆ ಹೆಚ್ಚು ಹರಿದ ನೀರು ಏಳನೇ ಸಾಲಿನ ಪಾಲಿನದು. ಏಳನೆಯದರ ಕೊನೆಯ ಮನೆ ತಿಮ್ಮವ್ವನದು. ಒಂಟಿ ಹೆಂಗಸು. ಊರಿಗೆಲ್ಲ ಬದನೆ, ಬೆಂಡೆಯ ಸಸಿ ಬೆಳೆಸಿ ಕೊಡುತ್ತಾಳೆ. ಒಂಬತ್ತು ದಿನ ಅವಳ ಕಾಲುವೆಗೆ ಬರೇ ಕೆಸರು ಬಂತು. ಹತ್ತನೇ ದಿನ ಅವಳು ಸಾಲುಸಾಲು ನಡೆದು ನೋಡಿದಳಂತೆ. ನಾಲ್ಕನೇ ಸಾಲಿನ ಕಾಲುವೆಯ ಗೋಡೆಗೆ ಮಾತ್ರ ಪಾಚಿ ಕಟ್ಟಿತ್ತು.

ಆ ಸಂಜೆ ಕೆರೆಯ ಮೆಟ್ಟಿಲ ಮೇಲೆ ಊರು ಕೂಡಿತು. ತಿಮ್ಮವ್ವ ಒಣಗಿದ ಸಸಿಗಳನ್ನು ಸೆರಗಿನಲ್ಲಿ ತಂದು ಎಲ್ಲರ ಮುಂದೆ ಸುರಿದಳು. ನಾಲ್ಕನೇ ಸಾಲಿನವರು ನೀರು ಕದ್ದಿದ್ದಾರೆಂದಳು. ಆ ಸಾಲಿನ ಯಂಕೋಬ ಎದ್ದು, ತಮ್ಮಲ್ಲಿ ಒಬ್ಬನೂ ಬಟ್ಟಲು ಮುಟ್ಟಿಲ್ಲವೆಂದು ನೀರು ಮುಟ್ಟಿ ಆಣೆ ಮಾಡಿದ. ಅದು ನಿಜ. ಯಾರೂ ನಂಬಲಿಲ್ಲ. ಒಂದು ತಿಂಗಳು ಅವರ ಸಾಲಿಗೆ ಒಂದೇ ಬಟ್ಟಲು ನೀರು ಎಂಬ ಮಾತು ಆಗುತ್ತಿತ್ತು. ನಾನು ಕೊನೆಯ ಮೆಟ್ಟಿಲಲ್ಲಿ ಕೂತಿದ್ದೆ. ಸುಮ್ಮನಿದ್ದರೆ ಬಟ್ಟಲು ನನ್ನ ಹತ್ತಿರವೇ ಉಳಿಯುತ್ತದೆ ಎಂಬ ಆಸೆ ಬಂತು, ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಎದ್ದು ನಿಂತಾಗ ಎಡಗಾಲು ನೆಲದ ಮೇಲಿದೆಯೋ ಇಲ್ಲವೋ ಎಂದು ಕೆಳಗೆ ನೋಡಿಕೊಳ್ಳಬೇಕಾಯಿತು.

“ಅವ್ರು ಮುಟ್ಟಿಲ್ಲ. ಬಟ್ಟಲ ಮುಳುಗಿತ್ತು, ನಾ ಮಕ್ಕೊಂಡಿದ್ದೆ,” ಎಂದೆ.

ಯಂಕೋಬ ತಲೆ ಕೆರೆದುಕೊಂಡು, ತಾವೆಲ್ಲ ಅದನ್ನು ದಿನವೂ ಕಂಡಿದ್ದೇವೆಂದು ಹೇಳಿದ. ನೀರಗಂಟಿಯ ಜೊತೆ ಮಾತಾಡಬಾರದೆಂಬ ನಿಯಮ ಇದೆಯಲ್ಲ, ನಿಯಮ ಮುರಿಯಬಾರದೆಂದು ಎಬ್ಬಿಸಲಿಲ್ಲವಂತೆ. ನಿಯಮದ ಮ್ಯಾಲ ಭಾಳ ಪಿರೂತಿ ನಿಮ್ಗ ಎಂದು ಯಾರೋ ಹಿಂದಿನಿಂದ ಅಂದರು, ಜನ ನಕ್ಕರು. ನಾನು ನಿದ್ದೆಯ ಬಗ್ಗೆ, ದಾರದ ಬಗ್ಗೆ, ಕಾಲಿನ ಬಗ್ಗೆ ತೊದಲುತ್ತ ಹೇಳಿದೆ. ತಿಮ್ಮವ್ವ ನನ್ನ ಹತ್ತಿರ ಬಂದು ನಿಂತಳು.

“ನಿದ್ದಿ ಎಲ್ಲಾರಿಗೂ ಬರ್ತೈತೆ ತಂಗಿ. ನನ್ನ ಸಸಿಗೂ ಬಂತು. ಅವು ಏಳಲೇ ಇಲ್ಲ.”

ಲಾಳೇಸಾಬ ಕೋಲೂರಿ ಎದ್ದು, ತನ್ನ ಕಣ್ಣು ಮಂಜಾದಾಗ ತಾನೂ ಒಂದು ವರ್ಷ ಮುಚ್ಚಿಟ್ಟಿದ್ದೆ, ಆ ವರ್ಷ ಯಾರ ನೀರು ಯಾರಿಗೆ ಹೋಯಿತೋ ದೇವರಿಗೇ ಗೊತ್ತು ಎಂದ. ಇದನ್ನು ಅವನು ನನಗೂ ಯಾವತ್ತೂ ಹೇಳಿರಲಿಲ್ಲ. ಊರು ನನ್ನಿಂದ ಬಟ್ಟಲನ್ನು ಒಂದು ತಿಂಗಳ ಮಟ್ಟಿಗೆ ತೆಗೆದುಕೊಂಡಿತು. ಆಮೇಲೆ ಮತ್ತೆ ಕೂಡಿ ನೋಡೋಣ ಎಂದರು.

ಮಾರನೇ ದಿನ ಜುಬೇದಕ್ಕನ ಹತ್ತಿರ ಹೋದೆ. ಇಷ್ಟು ದಿನ ಕಾಲಿನ ಬಿಗಿತ ಮಾತ್ರ ಹೇಳಿದ್ದೆ, ನಿದ್ದೆಯನ್ನು ಹೇಳಿರಲಿಲ್ಲ. ನಿದ್ದೆ ರೋಗದ ಪಾಲಿನದೆಂದು ನನಗೆ ತಿಳಿದಿರಲಿಲ್ಲ, ನನ್ನ ಸ್ವಭಾವದ ಪಾಲಿನದು ಎಂದುಕೊಂಡಿದ್ದೆ. ಅವಳು ಹಗಲಿನ ಬಗ್ಗೆ ಕಡಿಮೆ ಕೇಳಿದಳು, ರಾತ್ರಿಯ ಬಗ್ಗೆಯೇ ಹೆಚ್ಚು. ಎಷ್ಟು ಸಲ ಏಳುತ್ತೀ, ಕಾಲು ಸೆಳೆಯುತ್ತದೆಯೇ, ಮೂತ್ರಕ್ಕೆ ಎಷ್ಟು ಸಲ. ನಾಲ್ಕೈದು ಸಲ ಎಂದೆ. ಬಿಗಿತದ ಮಾತ್ರೆಯೇ ಮಂಪರು ತರುತ್ತದೆ, ಅದನ್ನು ಬೆಳಿಗ್ಗೆ ನುಂಗುತ್ತಿದ್ದೀಯಾ ಎಂದು ಹಣೆ ಚಚ್ಚಿಕೊಂಡಳು. ಡಾಕ್ಟರನ್ನು ಕೇಳಿ ಹೊತ್ತು ಬದಲಿಸಿದಳು. ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಲು ಕಲಿಸಿದಳು. ನಿದ್ದೆ ಬಂದು ಬೀಳಿಸುವ ಮೊದಲು ನೀನೇ ಹೋಗಿ ಸ್ವಲ್ಪ ಮಲಗು, ಕಳ್ಳತನದಿಂದಲ್ಲ, ಹೇಳಿ ಮಲಗು ಎಂದಳು. ಪ್ರತಿ ನಿದ್ದೆಯನ್ನೂ ಬರೆದಿಡಲು ಹಾಳೆ ಹುಡುಕುವಾಗಲೇ ಕಪಾಟಿನಿಂದ ನಿಮ್ಮ ಹಾಳೆ ಬಿತ್ತು. ಇದರಿಂದೆಲ್ಲ ಕಂಬಳಿ ಹೋಗಲಿಲ್ಲ. ಹಗುರಾಯಿತು. ಕೆಲವು ದಿನ ಅದೂ ಇಲ್ಲ.

ತಿಂಗಳಾದ ಮೇಲೆ ಊರು ಮತ್ತೆ ಕೂಡಿತು. ನಾನು ನಿಮ್ಮ ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದೆ. ನಾಲ್ಕನೇ ಸಾಲಿನ ಸರದಿಯಲ್ಲಿ ಮೊದಲ ಬಟ್ಟಲು ಮುಳುಗುವವರೆಗೆ ನಾನು ಎಲ್ಲರಿಗೂ ಕಾಣುವಂತೆ ಮಲಗುತ್ತೇನೆ, ದಾರವನ್ನು ಮುಚ್ಚುವುದಿಲ್ಲ, ನಾನು ಏಳದಿದ್ದರೆ ಯಾರಾದರೂ ಬಾರಿಸಿ ಎಬ್ಬಿಸಲು ಕಟ್ಟೆಯ ಮೇಲೆ ಒಂದು ಕೈಗಂಟೆ ಇರಲಿ ಎಂದು ಕೇಳಿದೆ. ಇನ್ನೂರು ವರ್ಷದ ನಿಯಮವನ್ನು ಒಬ್ಬಳಿಗಾಗಿ ಮುರಿಯುವುದೇ ಎಂದು ಗುಸುಗುಸು ಶುರುವಾಯಿತು. ಅದನ್ನು ನಿಲ್ಲಿಸಿದವಳು ತಿಮ್ಮವ್ವ.

“ಗಂಟಿ ಇಡ್ರಿ. ದಾರ ಯಾವ ಬೆರಳಿಗೆ ಕಟ್ಟಬೇಕಂತ ನಾ ನೋಡ್ತೀನಿ. ಇಕಿ ಮ್ಯಾಲ ಕರುಣಿಗಲ್ಲ, ನನ್ನ ನೀರಿಗೆ.”

ಎರಡು ತಿಂಗಳಿಂದ ಹೀಗೆಯೇ ನಡೆದಿದೆ. ಗಂಟೆಯನ್ನು ಆರು ಸಲ ಬಾರಿಸಿದ್ದಾರೆ, ಅದರಲ್ಲಿ ಐದು ಸಲ ಯಂಕೋಬ. ಅವನಿಗೆ ಅದನ್ನು ಬಾರಿಸುವುದೆಂದರೆ ಈಗ ಬಲು ಖುಷಿ. ನನ್ನ ರೋಗ ಮುಂದೆ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಒಂದು ದಿನ ಹತ್ತು ಬೆರಳಲ್ಲಿ ಒಂದೂ ಎಚ್ಚರವಿಲ್ಲದೆ ಹೋಗಬಹುದು. ಆ ದಿನ ಬಟ್ಟಲನ್ನು ನಾನೇ ಕೊಟ್ಟುಬಿಡುತ್ತೇನೆ, ಯಾರೂ ಸಸಿ ತಂದು ಸುರಿಯುವ ಮೊದಲು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಈ ಪತ್ರ ಏರಿ ಬಂದರೆ, ನಿಮ್ಮ ಹಾಳೆಯ ಕೊನೆಯ ಸಾಲನ್ನು ಹೊಡೆದುಹಾಕಿ. ಒಬ್ಬರಿಗೆ ಹೇಳಿ. ಡಾಕ್ಟರಿಗಾದರೂ, ಬಸ್ಸಿನಲ್ಲಿ ಪಕ್ಕ ಕೂತವರಿಗಾದರೂ. ಅವರು ಒಳ್ಳೆಯ ಮಾತನ್ನೇ ಆಡುತ್ತಾರೆಂದು ನಾನು ಭರವಸೆ ಕೊಡಲಾರೆ. ನನಗೆ ಸಿಕ್ಕ ಮೊದಲ ಮಾತು ಒಳ್ಳೆಯದಾಗಿರಲಿಲ್ಲ. ಆದರೂ ಅದನ್ನು ಆಡಿದ ತಿಮ್ಮವ್ವನ ಬಾಯಿಯೇ ಈಗ ದಿನವೂ ನನ್ನನ್ನು ಹೆಸರು ಹಿಡಿದು ಕರೆಯುತ್ತದೆ.

ಇಂದು ಬೆಳಿಗ್ಗೆ ತಿಮ್ಮವ್ವ ಬಂದು, ಮಣ್ಣು ಮೆತ್ತಿದ ಕೈಯನ್ನು ತೊಟ್ಟಿಯಲ್ಲಿ ತೊಳೆದು, ನನಗೆ ಕಣ್ಣು ಮುಚ್ಚಲು ಹೇಳಿ, ನನ್ನ ಹತ್ತು ಬೆರಳನ್ನೂ ಒಂದೊಂದಾಗಿ ಚಿವುಟಿದಳು. ಎಡಗೈಯಲ್ಲಿ ಒಂದೂ ಎಚ್ಚರವಿರಲಿಲ್ಲ. ಬಲಗೈಯ ಕಿರುಬೆರಳಿನಲ್ಲಿ ನೋವಾಯಿತು. ದಾರವನ್ನು ಅದಕ್ಕೇ ಕಟ್ಟಿದೆವು.

ಗಾಳೆಮ್ಮ