ಸೋಮವಾರದ ಸಜ್ಜಿಗೆ

ಅಗ್ರಹಾರ, ಮೈಸೂರು
9 ಸೆಪ್ಟೆಂಬರ್ 2008

ಚಿ. ಸೌ. ಅಕ್ಷತಾಗೆ ನಿನ್ನ ಅತ್ತೆಯ ಆಶೀರ್ವಾದ.

ನೀನು ಮಗುವನ್ನು ಕರೆದುಕೊಂಡು ನಂಜನಗೂಡಿನ ತವರಿಗೆ ಹೋದ ಮಾರನೆಯ ದಿನವೇ ಬರೆಯಬೇಕಿತ್ತು. ಫೋನ್ ಮಾಡೋಣವೆಂದರೆ ನಿನ್ನ ದನಿ ಕೇಳಿದೊಡನೆ ನನ್ನ ಬಾಯಿ ಕಟ್ಟಿಹೋಗುತ್ತದೆ. ತಡಮಾಡಿದ್ದಕ್ಕೆ ಬೈದುಕೋ. ಸಿಂಚನಾಳ ಹೊಟ್ಟೆನೋವು ಹೇಗಿದೆ? ಏನಾದರೂ ತಿನ್ನುತ್ತಿದ್ದಾಳಾ?

ನಾವೆಲ್ಲ ರಕ್ತ ಕೊಟ್ಟು ಬಂದಿದ್ದೆವಲ್ಲ, ಅದರ ವರದಿ ನಿನ್ನೆ ಬಂತು. "ನಿಮ್ಮ ವಂಶದಲ್ಲೇ ಏನೋ ಇರಬೇಕು, ನಮ್ಮ ಕಡೆ ಗೋಧಿ ತಿಂದು ಯಾರೂ ಮಲಗಿಲ್ಲ" ಎಂದು ನೆಂಟರ ಮುಂದೆ ನಿನ್ನನ್ನು ಹಂಗಿಸಿದ್ದೆ. ಗೋಧಿ ಒಗ್ಗದ ಆ ಸೀಲಿಯಾಕ್ ಕಾಯಿಲೆಯ ಜೀನ್ ನಿನ್ನಲ್ಲಿಲ್ಲ. ನನ್ನ ಮಗ ವಿಶ್ವನಲ್ಲಿದೆ, ನನ್ನಲ್ಲಿದೆ. "ಜೀನ್ ಇದ್ದೋರಿಗೆಲ್ಲ ಕಾಯಿಲೆ ಬರಲ್ಲ ಕಣಮ್ಮ. ನಿಮಗೆ ಬರಲಿಲ್ಲ, ಮಗೂಗೆ ಬಂದ್ಬುಡ್ತು" ಅಂದರು ಡಾಕ್ಟರು. ನನಗೆ ತಲೆ ಎತ್ತಲಾಗಲಿಲ್ಲ.

ಹೋದ ತಿಂಗಳು ಅವರೇ ಹೇಳಿದ್ದರಲ್ಲ, "ಗೋಧಿ ಪೂರ್ತಿ ಬಿಟ್ಟಿದ್ರೆ ಇಷ್ಟೊತ್ತಿಗೆ ರಕ್ತದಲ್ಲಿ ಆಂಟಿಬಾಡಿ ಇಳೀಬೇಕಿತ್ತು. ಎಲ್ಲಿಂದಲೋ ಹೊಟ್ಟೆಗೆ ಹೋಗ್ತಿದೆ" ಅಂತ. ವಿಶ್ವ ನಿನ್ನ ಮೇಲೆ ರೇಗಿದ. "ಒಂದು ಮಗೂನ ನೋಡ್ಕೊಳ್ಳೋಕಾಗಲ್ವಾ ನಿಂಗೆ?" ನೀನು ಅಳುತ್ತಾ ಡಬ್ಬಗಳನ್ನೆಲ್ಲ ಕೆಳಗಿಳಿಸಿದೆ. ಇಂಗಿಗೂ ಗೋಧಿಹಿಟ್ಟು ಬೆರೆಸುತ್ತಾರಂತೆ ಎಂದು ಅದನ್ನೂ ಬಿಸಾಡಿದೆ. ನಾನು ಅಲ್ಲೇ ಕೂತು ಹುರುಳಿಕಾಯಿ ಸೋಸುತ್ತಿದ್ದೆ.

ತಿನ್ನಿಸಿದವಳು ನಾನು ಕಣಮ್ಮ. ಪ್ರತಿ ಸೋಮವಾರ ಮಗುವನ್ನು ಮಠಕ್ಕೆ ಕರೆದೊಯ್ಯುತ್ತಿದ್ದೆನಲ್ಲ, ದಾಸೋಹದಲ್ಲಿ ಸಜ್ಜಿಗೆ ಬಡಿಸುತ್ತಿದ್ದರು. ಗೋಧಿರವೆಯದೆಂದು ಗೊತ್ತಿತ್ತು. ದೇವರ ಮುಂದಿಟ್ಟು ಪ್ರಸಾದವಾದ ಮೇಲೆ ಅದು ಗೋಧಿಯಲ್ಲ, ಕಾಯಿಲೆಯನ್ನೇ ಕಳೆಯುತ್ತದೆ ಎಂದು ನಂಬಿದ್ದೆ. ಎಂಥಾ ಪೆದ್ದಿ ನಾನು! ನಂಬಿಕೆಯ ಮಾತು ಹಾಳಾಗಲಿ, ನೀನು ಬೈಸಿಕೊಳ್ಳುವಾಗ ಸುಮ್ಮನಿದ್ದೆನಲ್ಲ, ಅದಕ್ಕೆ ನಾಚಿಕೆಯಾಗುತ್ತದೆ. ನಿನ್ನೆ ವಿಶ್ವನಿಗೆ ಹೇಳಿದೆ. ಅವನು ಅರ್ಧ ಊಟಕ್ಕೇ ಎದ್ದುಹೋದ.

ಭಾನುವಾರ ಅವನು ನಿನ್ನಲ್ಲಿಗೆ ಬರುತ್ತಾನೆ. ಬರುವುದು ಬಿಡುವುದು ನಿನ್ನಿಷ್ಟ. ಬಂದರೆ ಮಗುವಿನ ತಟ್ಟೆಯನ್ನು ನಾನು ಮುಟ್ಟುವುದಿಲ್ಲ. ನನ್ನ ಹಾರೈಕೆಗೆ ಇನ್ನೂ ಬೆಲೆಯಿದ್ದರೆ, ಶಿವ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಸಿದ್ದಲಿಂಗಮ್ಮ

ತಾ.ಕ.: ಕೊನೆಯ ಸೋಮವಾರ ಮಠದಲ್ಲಿ ಸಿಂಚನಾ ಅರ್ಧ ತಿಂದು ಕೈ ಹಿಂದಕ್ಕೆಳೆದುಕೊಂಡಳು. "ಸಾಕು ಅಜ್ಜಿ, ಹೊಟ್ಟೆ ನೋಯುತ್ತೆ. ಅಮ್ಮಂಗೆ ಹೇಳಲ್ಲ, ನಿಂಗೆ ಬೈತಾರೆ" ಅಂದಳು. ಪ್ರಸಾದ ತಟ್ಟೆಯಲ್ಲಿ ಬಿಡಬಾರದೆಂದು ಉಳಿದದ್ದನ್ನೂ ಉಂಡೆ ಮಾಡಿ ಬಾಯಿಗಿಟ್ಟೆ. ತಿಂದಳು. ಈವರೆಗೂ ಅವಳು ನಿನಗೆ ಹೇಳಿಲ್ಲ, ಅಲ್ಲವೇ? ಇನ್ನು ಹೇಳಬಹುದಂತೆ ಎಂದು ಅವಳಿಗೆ ತಿಳಿಸು.